ಒಂದು ಕಿವಿ ನಮಗೆ

ಹಳೆಯ ರಬ್ಬರಿಗೆ ಒಂದು ವಾಸನೆ ಇರುತ್ತದೆ. ಮಕ್ಕಳ ಹಳೇ ಸ್ಕೂಲ್ ಬ್ಯಾಗಿನಲ್ಲಿ ಅಳಿಸುವ ರಬ್ಬರು ಕರಗಿ ಅಂಟಿಕೊಂಡಿದ್ದರೆ ಬರುತ್ತದಲ್ಲ, ಅಂಥದ್ದು. ಹೋದ ವಾರ ಶಿವಮೊಗ್ಗದ ರಾಗಿಗುಡ್ಡದ ನಮ್ಮ ಮನೆಗೆ ಒಂದು ಬಿಸ್ಕತ್ತಿನ ಡಬ್ಬಿ ಬಂತು. ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಹತ್ತಿಯ ಮೇಲೆ ಸುರುಳಿ ಸುತ್ತಿದ ಒಂದು ಕಪ್ಪು ಕೊಳವೆ. ಅದರ ಒಂದು ತುದಿಗೆ ನಾಣ್ಯಕ್ಕಿಂತ ತುಸು ದೊಡ್ಡದಾದ ಭಾರದ ಲೋಹದ ಬಿಲ್ಲೆ, ಇನ್ನೊಂದು ತುದಿಗೆ ಬಣ್ಣ ಹೋಗಿ ಹಳದಿಯಾದ, ಕಿವಿಯೊಳಗೆ ಕೂರುವ ಅಚ್ಚಿನ ತುಂಡು. ನಮ್ಮ ಮನೆಯವರು ಇಣುಕಿ ನೋಡಿ, "ಏನೇ ಇದು, ಹಾವಿನ ಮರಿ ಇದ್ದಂಗಿದೆ" ಎಂದರು. ನಾನು ಡಬ್ಬಿ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಸಂಸಾರ ಇರುವ ಮನೆಯಲ್ಲಿ ಅಳುವ ಸದ್ದು ಹೊರಗೆ ಕೇಳಬಾರದೆಂದರೆ ಬೇರೆ ದಾರಿ ಏನಿದೆ...

ಅದು ಒಂದೇ ಕಿವಿಯ ಸ್ಟೆತಸ್ಕೋಪು. ಈಗಿನ ಡಾಕ್ಟರುಗಳಿಗೆ ತೋರಿಸಿದರೆ ಮ್ಯೂಸಿಯಂ ಸಾಮಾನು ಎಂದು ನಗುತ್ತಾರೆ. ಬಿಲ್ಲೆಯನ್ನು ರೋಗಿಯ ಎದೆಗೆ ಪ್ಲಾಸ್ಟರಿನಿಂದ ಅಂಟಿಸಿ, ಅಚ್ಚಿನ ತುಂಡನ್ನು ಎಡಗಿವಿಗೆ ಸಿಕ್ಕಿಸಿಕೊಂಡು, ಆಪರೇಷನ್ ಮುಗಿಯುವವರೆಗೂ ಎದೆಬಡಿತ ಕೇಳುತ್ತ ಕೂರುವವರೊಬ್ಬರು ಇದ್ದರು. ಅವರು ಅರಿವಳಿಕೆ ಡಾಕ್ಟರು. ನಮಗೆಲ್ಲ ಬರೀ "ಸಾರ್". ಪಕ್ಕದಲ್ಲೇ ಮಾನಿಟರು ಕುಯ್‌ಗುಟ್ಟುತ್ತಿದ್ದರೂ ಅವರು ಈ ಕೊಳವೆ ಬಿಟ್ಟವರಲ್ಲ. ಕೇಳಿದರೆ, "ಒಂದು ಕಿವಿ ಪೇಷಂಟಿಗೆ, ಒಂದು ಕಿವಿ ನಿಮಗೆ. ಮಿಷನ್ನಿಗೆ ಕೊಡೋಕೆ ನನ್ನತ್ರ ಮೂರನೇ ಕಿವಿ ಇಲ್ಲ" ಅನ್ನುತ್ತಿದ್ದರು.

ಶಿವಮೊಗ್ಗದ ಕೋಟೆ ಏರಿಯಾದಲ್ಲಿ ಅವರ ಮನೆ. ಬೆಳಿಗ್ಗೆ ಬೂದು ಬಣ್ಣದ ಪುಟ್ಟ ಕಾರಿನಲ್ಲಿ ಹೊರಟು, ಶಿವಮೊಗ್ಗ ಭದ್ರಾವತಿಗಳ ನರ್ಸಿಂಗ್ ಹೋಮುಗಳಿಗೆಲ್ಲ ಸುತ್ತುತ್ತಿದ್ದರು. ಸಣ್ಣ ಆಸ್ಪತ್ರೆಗಳಿಗೆ ಸ್ವಂತ ಅರಿವಳಿಕೆ ಡಾಕ್ಟರನ್ನು ಇಟ್ಟುಕೊಳ್ಳುವ ಶಕ್ತಿ ಎಲ್ಲಿಯದು? ಫೋನ್ ಮಾಡಿದರೆ ಬರುವವರೇ ಗತಿ. ಉಳಿದವರು ಬಂದು ಸೂಜಿ ಚುಚ್ಚಿ, ಮುಗಿದ ಕೂಡಲೇ ಮುಂದಿನ ಆಸ್ಪತ್ರೆಗೆ ಓಡುತ್ತಿದ್ದರು. ಅವರಿಗೆ ನಮ್ಮ ಮುಖ ಕೂಡ ಗೊತ್ತಿರುತ್ತಿರಲಿಲ್ಲ. ಇವರು ಮಾತ್ರ ಮನೆಯ ಹಿರಿಯರ ಹಾಗೆ ಇದ್ದರು.

ನಾನು ಆಗ ಭದ್ರಾವತಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಥಿಯೇಟರ್ ನರ್ಸು. ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋಗುವ ರಸ್ತೆಯ ಮೇಲಿದ್ದ, ಎರಡು ಅಂತಸ್ತಿನ ಸಾದಾ ಕಟ್ಟಡ. ಅದರ ಒಡತಿ ಲೇಡಿ ಡಾಕ್ಟರನ್ನು ನಾವು ಮೇಡಂ ಎನ್ನುತ್ತಿದ್ದೆವು. ಥಿಯೇಟರಿನಲ್ಲಿ ನಾವು ಐದೇ ಜನ: ಮೇಡಂ, ಸಾರ್, ನಾನು, ಮಿಷನ್ನು ಗ್ಯಾಸು ಜನರೇಟರು ನೋಡಿಕೊಳ್ಳುವ ಟೆಕ್ನಿಷಿಯನ್ ಅಣ್ಣ, ಮತ್ತು ಆಯಾ. ಆಯಾಳ ಗಂಡ ಕಾರ್ಖಾನೆಯಲ್ಲಿದ್ದವನು, ತಮಿಳಿನ ಮನೆ. ಅವಳ ಕನ್ನಡ ಅರ್ಧ ದಾರಿಯಲ್ಲಿ ತಮಿಳಿಗೆ ತಿರುಗಿಕೊಂಡುಬಿಡುತ್ತಿತ್ತು.

ನಾನು ಅಲ್ಲಿಗೆ ಬರುವ ಮುಂಚೆ ಇದ್ದ ಆಸ್ಪತ್ರೆಯಲ್ಲಿ ನರ್ಸುಗಳು ಬಾಯಿಬಿಟ್ಟರೆ ಸರ್ಜನ್ನು ಕತ್ತರಿ ಎಸೆಯುತ್ತಿದ್ದರು. ಎಸೆಯುತ್ತಿದ್ದರು ಅಂದರೆ ನಿಜವಾಗಿಯೂ ಎಸೆಯುತ್ತಿದ್ದರು, ಗೋಡೆಯ ಮೇಲೆ ಗುರುತಿತ್ತು. ಹಾಗಾಗಿ ಭದ್ರಾವತಿಯ ಮೊದಲ ದಿನ ನಾನು ತುಟಿ ಹೊಲಿದುಕೊಂಡೇ ಥಿಯೇಟರಿಗೆ ಹೋದೆ. ರೋಗಿಯನ್ನು ಇನ್ನೂ ಒಳಗೆ ತಂದಿರಲಿಲ್ಲ. ಎಲ್ಲರೂ ಖಾಲಿ ಟೇಬಲ್ಲಿನ ಸುತ್ತ ನಿಂತಿದ್ದರು, ಮಾಸ್ಕು ಗಲ್ಲದ ಕೆಳಗಿತ್ತು. ಪೂಜೆ ಗೀಜೆ ಏನಾದರೂ ಇದೆಯೇನೋ ಎಂದುಕೊಂಡೆ. ಸಾರ್ ಆಯಾಳ ಕಡೆ ನೋಡಿ, "ಭಯ ಹೇಳಮ್ಮ" ಎಂದರು.

"ಕರೆಂಟ್ ಹೋದ್ರೆ ಅಂತ ಭಯ ಸಾರ್. ನಿನ್ನೆ ಜನರೇಟರು ಎರಡ್ಸಲ ಕೆಮ್ಮಿ ಆಮೇಲೆ ಎದ್ದುಚ್ಚು."

"ಜನರೇಟರು ಏಳದೇ ಇರೋ ಭಯ. ಕೇಳ್ತು" ಎಂದರು ಸಾರ್. ಅಣ್ಣ ಅಲ್ಲಿಂದಲೇ ಹೋಗಿ ಜನರೇಟರು ನೋಡಿ ಬಂದ. ಅವನ ಭಯ ಒಂದು ಆಮ್ಲಜನಕದ ಸಿಲಿಂಡರಿನ ಮುಚ್ಚಳದ್ದು. "ಮುಚ್ಚಳ ಬಿಗಿ ಇರೋ ಭಯ. ಕೇಳ್ತು." ಹೀಗೆ ಸುತ್ತು ನನ್ನ ಹತ್ತಿರ ಬಂತು. ನಾನು ಜಾಣೆಯ ಹಾಗೆ, "ನನಗೇನೂ ಭಯ ಇಲ್ಲ ಸಾರ್" ಎಂದೆ.

ಅವರು ಬಾಗಿಲು ತೋರಿಸಿದರು. "ಭಯ ಇಲ್ದೋರು ಹೊರಗೆ ನಿಂತ್ಕೊಳ್ಳಿ. ಇಷ್ಟು ವರ್ಷ ಮಾಡಿ ನನಗೇ ಭಯ ಇದೆ, ನಿನಗೆ ಹೆಂಗೆ ಇಲ್ಲ ಮಾರಾಯ್ತಿ?"

ಅವಮಾನದಿಂದ ಕಿವಿ ಬಿಸಿಯಾಯಿತು. ಹೊರಗೆ ಹೋಗಿ ಬಟ್ಟೆ ಮಡಚುತ್ತ ನಿಂತೆ. ಇವರ ಸಹವಾಸವೇ ಬೇಡ, ನಾಳೆಯಿಂದ ಬರುವುದೇ ಇಲ್ಲ ಎಂದು ಗೊಣಗಿಕೊಂಡೆ. ಸ್ವಲ್ಪ ಹೊತ್ತಿಗೆ ಆಯಾ ಬಂದು ಒಳಗೆ ಕರೆದಳು. ನಾನು ಹೋಗಿ ಟೇಬಲ್ಲಿನ ಮುಂದೆ ನಿಂತು, ಬೇಕೆಂದೇ ಜೋರಾಗಿ, "ನಿಮ್ಮನ್ನ ಕಂಡ್ರೆ ಭಯ ಸಾರ್" ಎಂದೆ. ಎಲ್ಲರೂ ಉಸಿರು ಬಿಗಿಹಿಡಿದರು. ಅವರು ಮಾತ್ರ ಅಷ್ಟೇ ಗಂಭೀರವಾಗಿ, "ನನ್ನ ಭಯ. ಕೇಳ್ತು" ಎಂದರು. ಆಮೇಲೆ ಮೇಡಂ ನಕ್ಕರು, ಅವರೂ ನಕ್ಕರು. ನನ್ನ ಬಾಯಿ ಅಂದು ಬಿಚ್ಚಿಕೊಂಡದ್ದು ಇವತ್ತಿಗೂ ಮುಚ್ಚಿಲ್ಲ ಎಂದು ನಮ್ಮ ಮನೆಯವರು ದೂರುತ್ತಾರೆ.

ಅವರ ಕಟ್ಟಳೆ ಸರಳವಾಗಿತ್ತು. ಪ್ರತಿ ಆಪರೇಷನ್ನಿಗೆ ಮುಂಚೆ ಖಾಲಿ ಟೇಬಲ್ಲಿನ ಸುತ್ತ ನಿಂತು ಪ್ರತಿಯೊಬ್ಬರೂ ಒಂದು ಭಯ ಹೇಳಬೇಕು. ಕೆಲಸದಲ್ಲಿ ಚಿಕ್ಕವರಿಂದ ಶುರು, ಅವರದು ಕೊನೆ. ಭಯವನ್ನು ಅಲ್ಲೇ ಹೇಳಬೇಕು, ಎಲ್ಲರ ಎದುರೇ ಹೇಳಬೇಕು. ಹೊರಗೆ ಕಾರಿಡಾರಿನಲ್ಲಿ ಒಬ್ಬೊಬ್ಬರ ಕಿವಿಯಲ್ಲಿ ಹೇಳಿದರೆ ಅದು ಬರೀ ಚಾಡಿ, ಅದರಿಂದ ಪೇಷಂಟಿಗೆ ಏನೂ ಪ್ರಯೋಜನವಿಲ್ಲ ಎನ್ನುತ್ತಿದ್ದರು. ಕೇಳಿದವರು ಆ ಭಯವನ್ನು ತಮ್ಮ ಬಾಯಲ್ಲಿ ಒಂದು ಸಲ ಆಡಿ, ಆಮೇಲೆ "ಕೇಳ್ತು" ಅನ್ನಬೇಕು. ಕಿವಿಗೆ ಬೀಳದೆ ಕೇಳ್ತು ಅಂದವರಿಗೆ ಥಿಯೇಟರಿನಲ್ಲಿ ಜಾಗವಿಲ್ಲ. ಈ ಕೊನೆಯ ಮಾತನ್ನು ಮಾತ್ರ ಅವರು ನಗುತ್ತ ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೇಡಂ ಸರದಿ ಬಂದಾಗ ಅವರು ಬೆರಳು ಬಿಡಿಸಿ ನೋಡಿಕೊಂಡರು. ಆಮೇಲೆ, "ಮನೇಲಿ ಜಗಳ ಆಡ್ಕೊಂಡು ಬಂದಿದೀನಿ. ಕೈ ನಡುಗ್ತಿದೆ. ನನ್ನ ಕೈದೇ ಭಯ" ಎಂದರು. ಸರ್ಜನ್ನಿನ ಬಾಯಲ್ಲಿ ಅಂಥ ಮಾತು ನಾನು ಕೇಳಿರಲೇ ಇಲ್ಲ. "ಕೈ ನಡುಗೋ ಭಯ. ಕೇಳ್ತು" ಎಂದರು ಸಾರ್, "ತರಾತುರಿ ಏನಿಲ್ವಲ್ಲ, ಹಾಗಾದ್ರೆ ಮೊದ್ಲು ಮಂಡಕ್ಕಿ." ಎಲ್ಲರೂ ಬಟ್ಟೆ ಬದಲಿಸುವ ಕೋಣೆಗೆ ಹೋದೆವು. ಪೇಪರ್ ಹಾಸಿ ಮಂಡಕ್ಕಿ ಸುರಿದರು, ಆಯಾ ಎಲ್ಲಿಂದಲೋ ಮೆಣಸಿನಕಾಯಿ ಬಜ್ಜಿ ತಂದಳು. ಐದು ಜನರ ಕೈ ಒಂದೇ ಪೇಪರಿನ ಮೇಲೆ. ಮೇಡಂ ಒಂದಿಷ್ಟು ಅತ್ತರು, ಖಾರಕ್ಕೋ ಜಗಳಕ್ಕೋ ಯಾರೂ ಕೇಳಲಿಲ್ಲ. ಆಮೇಲೆ ಒಳಗೆ ಹೋಗಿ ಎಂದಿನ ಹಾಗೆ ಅಚ್ಚುಕಟ್ಟಾಗಿ ಆಪರೇಷನ್ ಮುಗಿಸಿದರು.

ನನ್ನ ಜೀವನದಲ್ಲಿ ನಾನು ಹೆದರದೆ ಕೆಲಸ ಮಾಡಿದ್ದು ಆ ವರ್ಷಗಳಲ್ಲಿ ಮಾತ್ರ. ದಿನಾ ಬೆಳಿಗ್ಗೆ ಭಯವನ್ನು ಹೇಳಿಕೊಳ್ಳುತ್ತಿದ್ದೆನಲ್ಲ, ಅದಕ್ಕೇ ಇರಬೇಕು...

ಆಮೇಲೆ ಕೊರೊನಾ ಬಂತು. ಗಲ್ಲದ ಕೆಳಗೆ ಇಳಿಬಿಡುತ್ತಿದ್ದ ಮಾಸ್ಕು ಮೂಗಿನ ಮೇಲೇರಿ ಗಟ್ಟಿಯಾಗಿ ಕೂತಿತು. ಒಂದರ ಮೇಲೊಂದು ಹಾಕಿಕೊಂಡು, ಅದರ ಮೇಲೆ ಪ್ಲಾಸ್ಟಿಕ್ಕಿನ ಪರದೆ ಬೇರೆ. ಖಾಲಿ ಟೇಬಲ್ಲಿನ ಸುತ್ತ ನಾವು ಕಣ್ಣು ಮಾತ್ರ ಕಾಣುವ ದೆವ್ವಗಳ ಹಾಗೆ ನಿಂತಿರುತ್ತಿದ್ದೆವು. ಭಯದ ಸುತ್ತು ಮಾತ್ರ ನಿಲ್ಲಲಿಲ್ಲ. ಆ ದಿನಗಳಲ್ಲಿ ಸಾರ್ ಪದೇ ಪದೇ "ಏನು? ಏನಂದೆ?" ಎಂದು ಕೇಳತೊಡಗಿದರು. ಎಲ್ಲರದೂ ಅದೇ ಪಾಡಾಗಿದ್ದರಿಂದ ನಮಗೆ ಏನೂ ಅನ್ನಿಸಲಿಲ್ಲ. ಕಾಯಿಲೆಯ ಗಲಾಟೆ ತಣ್ಣಗಾಯಿತು, ಆದರೆ ಮಾಸ್ಕು ಅಲ್ಲೇ ಉಳಿಯಿತು. ಒಂದು ದಿನ ಗಮನಿಸಿದೆ, ಅವರು "ಏನು" ಎಂದು ಕೇಳುವುದನ್ನು ಬಿಟ್ಟಿದ್ದರು. ನಮ್ಮ ಭಯವನ್ನು ತಮ್ಮ ಬಾಯಲ್ಲಿ ಆಡುವುದನ್ನೂ ಬಿಟ್ಟಿದ್ದರು. ಬರೀ "ಕೇಳ್ತು" ಎನ್ನುತ್ತಿದ್ದರು. ಎಲ್ಲದಕ್ಕೂ "ಕೇಳ್ತು".

ಅವರು ಅಷ್ಟು ವರ್ಷ ನಮ್ಮ ತುಟಿ ನೋಡಿಕೊಂಡೇ ಮಾತು ಹಿಡಿಯುತ್ತಿದ್ದರೆಂದು ಆಗ ಹೊಳೆಯಿತು. ಅವರಿಗೇ ಅದು ಗೊತ್ತಿತ್ತೋ ಇಲ್ಲವೋ.

ನಾನೊಬ್ಬಳೇ ಕಂಡುಹಿಡಿದೆ ಎಂದುಕೊಂಡಿದ್ದೆ. ನೋಡಿದರೆ ಎಲ್ಲರಿಗೂ ಗೊತ್ತಿತ್ತು. ಮಾನಿಟರು ಕೂಗಿದರೆ ಅಣ್ಣ ಬೇಕೆಂದೇ ಅವರ ಕಣ್ಣೆದುರು ಹಾದುಹೋಗಿ ಅದರ ಪರದೆಯ ಕಡೆ ಕೈ ಮಾಡುತ್ತಿದ್ದ. ಆಯಾ ಏನೋ ಒರೆಸುವ ನೆಪದಲ್ಲಿ ಅವರ ತೋಳು ತಟ್ಟುತ್ತಿದ್ದಳು. ಮೇಡಂ ಮಾತನಾಡುವಾಗಲೆಲ್ಲ ಕೈಬೆರಳಿನಲ್ಲಿ ತೋರಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ನಾವು ಎಷ್ಟು ಒಳ್ಳೆಯ ತಂಡವಾಗಿದ್ದೆವೆಂದರೆ, ಒಬ್ಬ ಅರಿವಳಿಕೆ ಡಾಕ್ಟರ ಕಿವಿ ಹೋಗಿರುವುದನ್ನೇ ಮುಚ್ಚಿ ನಿಭಾಯಿಸುವಷ್ಟು! ಹೀಗೆ ಸೇರಿ ಕೆಲಸ ಮಾಡುವುದನ್ನು ನಮಗೆ ಕಲಿಸಿದವರೂ ಅವರೇ. ಅವರು ಕಲಿಸಿದ ವಿದ್ಯೆಯಿಂದಲೇ ನಾವು ಅವರನ್ನು ಕಾಯುತ್ತಿದ್ದೆವು.

ಹಾಗಿರುವಾಗ ಗರ್ಭಕೋಶದ ಆಪರೇಷನ್ನಿಗೆ ಒಬ್ಬ ಸ್ಕೂಲ್ ಟೀಚರು ಬಂದರು. ನನ್ನ ಸರದಿಯಲ್ಲಿ, "ಇವರಿಗೆ ನಾವು ಯಾವಾಗಲೂ ಕೊಡೋ ಆ್ಯಂಟಿಬಯಾಟಿಕ್ ಆಗಲ್ಲ ಸಾರ್, ಹಿಂದೆ ಮೈಯೆಲ್ಲ ಊದ್ಕೊಂಡಿತ್ತಂತೆ, ಅದೇ ಭಯ" ಎಂದಿದ್ದೆ. "ಕೇಳ್ತು" ಎಂದಿದ್ದರು. ಟೀಚರನ್ನು ಮಲಗಿಸಿದ ಮೇಲೆ ನೋಡುತ್ತೇನೆ, ಸಾರ್ ಕೈ ಅದೇ ಬಾಟಲಿಗೆ ಹೋಯಿತು. ಸಿರಿಂಜಿಗೆ ಎಳೆದುಕೊಂಡೂ ಆಯಿತು. ನಾನು ಅವರ ಮಣಿಕಟ್ಟು ಹಿಡಿದೆ.

"ಹೇಳ್ಲೇ ಇಲ್ವಲ್ಲಮ್ಮ ನೀನು" ಎಂದರು ಅವರು. ಕಣ್ಣಿನಲ್ಲಿ ನಿಜವಾದ ಆಶ್ಚರ್ಯವಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಅವರ ಕಣ್ಣೆದುರು ಬಂದು ನಿಂತು, ಜೋರಾಗಿ, "ಜನರೇಟರ್ ಸದ್ದಿತ್ತು ಸಾರ್, ಕೇಳಿಸಿರಲ್ಲ" ಎಂದ. ಆವತ್ತು ಕರೆಂಟು ಹೋಗಿರಲೇ ಇಲ್ಲ. ಮೇಡಂ ತಲೆ ತಗ್ಗಿಸಿದರು. ಟೀಚರಿಗೆ ಬೇರೆ ಔಷಧಿ ಹೋಯಿತು, ಅವರು ಚೆನ್ನಾಗಿ ಗುಣವಾಗಿ ಮನೆಗೆ ಹೋದರು. ಹೋಗುವಾಗ ನಮಗೆಲ್ಲ ಪೇಡ ಹಂಚಿದರು. ನನ್ನ ಪಾಲಿನದನ್ನು ಆಯಾಳ ಕೈಗಿಟ್ಟೆ.

ಆ ಸಂಜೆ ನಾವು ಬಟ್ಟೆ ಬದಲಿಸುವ ಕೋಣೆಯಲ್ಲಿ ಪಿಸುಗುಟ್ಟಿದೆವು. ಸಾರ್ ಯಾವುದನ್ನು ಚಾಡಿ ಎನ್ನುತ್ತಿದ್ದರೋ ಅದನ್ನೇ ಮಾಡಿದೆವು. ನಾನೇ ಹೇಳುತ್ತೇನೆ ಎಂದು ಮೇಡಂ ಮಾತುಕೊಟ್ಟರು. ಒಂದು ದಿನ ಸಾರ್ ಕಾರಿನವರೆಗೂ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಏನೇನೋ ಮಾತಾಡಿ, ಕಾರು ಹೋದ ಮೇಲೆ ವಾಪಸು ಬಂದು ಕುರ್ಚಿಯಲ್ಲಿ ಕುಸಿದರು. "ಆಗ್ಲಿಲ್ಲ ಕಣೆ. ನನ್ನ ಮೊದಲ್ನೇ ಸಿಸೇರಿಯನ್ನಿಗೆ ಜೊತೆಗೆ ನಿಂತಿದ್ದೋರು ಅವರು. ಅವರಿಗೆ ಹೋಗಿ ಇನ್ಮೇಲೆ ಬರಬೇಡಿ ಅಂತ ಹೆಂಗೆ ಹೇಳ್ಲಿ?"

ಆಯಾಳ ಮಗಳಿಗೆ ದಿನ ತುಂಬಿತ್ತು. ಮಗು ಅಡ್ಡಲಾಗಿ ಕೂತಿದ್ದರಿಂದ ಸಿಸೇರಿಯನ್ನೇ ಎಂದು ಮೇಡಂ ಮೊದಲೇ ಹೇಳಿದ್ದರು. ನಾನು ಆ ಹುಡುಗಿಯನ್ನು ಪರಕಾರ ಹಾಕುವ ವಯಸ್ಸಿನಿಂದ ನೋಡಿದವಳು. ರಜೆ ಹಾಕು ಎಂದರೂ ಕೇಳದೆ ಆಯಾ ಆ ಬೆಳಿಗ್ಗೆ ಕೆಲಸಕ್ಕೆ ಬಂದಿದ್ದಳು, ಹಣೆ ತುಂಬ ವಿಭೂತಿ. ಎಂದಿನ ಹಾಗೆ ಖಾಲಿ ಟೇಬಲ್ಲಿನ ಸುತ್ತ ನಿಂತೆವು. ಹುಡುಗಿ ಹೊರಗೆ ಸ್ಟ್ರೆಚರಿನ ಮೇಲೆ ಕಾಯುತ್ತಿದ್ದಳು.

"ಭಯ ಹೇಳಮ್ಮ" ಎಂದರು ಸಾರ್, ಆಯಾಳಿಗೆ.

ಆಯಾ ಕೈ ಮುಗಿದಳು. ಮಾಸ್ಕಿನೊಳಗಿನಿಂದ ಅವಳ ದನಿ ಸಣ್ಣಗೆ ಬಂತು. "ಭಯ ಇಲ್ಲ ಸಾರ್. ನೀವಿದ್ದೀರಲ್ಲ, ಅಪ್ಪಾ ಮಾದಿರಿ."

ಭಯ ಇಲ್ಲ ಎಂದವರನ್ನು ಹೊರಗೆ ಕಳಿಸುವುದು ಅವರ ಕಟ್ಟಳೆ. ನನ್ನನ್ನು ಕಳಿಸಿದ್ದರು, ಒಂದು ಸಲ ಮೇಡಂ ಅವರನ್ನೂ ಕಳಿಸಿದ್ದರು. ಅವರು ಆಯಾಳ ಮುಗಿದ ಕೈಗಳನ್ನು ಪ್ರೀತಿಯಿಂದ ನೋಡಿ, "ಕೇಳ್ತು" ಎಂದರು.

ಆಯಾ ಮಗಳ ಜೀವವನ್ನು ಇವರ ಕೈಗಿಟ್ಟಿದ್ದಳು. ಅವಳು ಏನು ಹೇಳಿದಳು ಎನ್ನುವುದೇ ಇವರಿಗೆ ತಿಳಿದಿರಲಿಲ್ಲ. ಅಣ್ಣನ ಸರದಿ ಬಂತು, ಅವನು ಸಕ್ಷನ್ ಮಿಷನ್ನಿನ ಬಗ್ಗೆ ಏನೋ ಹೇಳಿದ. "ಕೇಳ್ತು." ನನ್ನ ಸರದಿ ಬಂತು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಅವರ ಕೊಳವೆಯಿಲ್ಲದೆಯೂ ಎಲ್ಲರಿಗೂ ಕೇಳುವಂತಿತ್ತು.

"ನಿಮಗೆ ಕಿವಿ ಕೇಳ್ತಿಲ್ಲ ಅಂತ ನನಗೆ ಭಯ ಸಾರ್" ಎಂದೆ.

ಅವರು ತಲೆಯಾಡಿಸಿದರು. "ಕೇಳ್ತು" ಎಂದರು. ಹಾಗೇ ಮೇಡಂ ಕಡೆ ತಿರುಗಿದರು.

ಮೇಡಂ ಮಾತಾಡಲಿಲ್ಲ. ಅಣ್ಣ ನೆಲ ನೋಡುತ್ತಿದ್ದ. ಆಯಾಳ ಕಣ್ಣುಗಳು ಅಗಲವಾಗಿದ್ದವು. ಸಾರ್ ಒಬ್ಬೊಬ್ಬರನ್ನೇ ನೋಡುತ್ತ ಬಂದು ಕೊನೆಗೆ ನನ್ನಲ್ಲಿ ನಿಂತರು. ಏನೋ ಆಗಿದೆ ಎಂದು ಗೊತ್ತಾಯಿತು ಅವರಿಗೆ, ಏನೆಂದು ಗೊತ್ತಾಗಲಿಲ್ಲ. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಜಾತ್ರೆಯಲ್ಲಿ ಕೈ ತಪ್ಪಿದ ಮಗು ನಿಂತಲ್ಲೇ ಸುತ್ತ ನೋಡುತ್ತದಲ್ಲ, ಹಾಗಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಮಾಸ್ಕು ಕೆಳಗಿಳಿಸಿದೆ. ಅದೇ ಮಾತನ್ನು, ದನಿ ಎತ್ತರಿಸದೆ, ತುಟಿ ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದೆ.

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೂ ನೋಡುತ್ತಿದ್ದರು.

"ಕಿವಿ ಕೇಳದೇ ಇರೋ ಭಯ" ಎಂದರು. ಎಷ್ಟೋ ದಿನಗಳ ಮೇಲೆ ನಮ್ಮ ಮಾತನ್ನು ಅವರ ಬಾಯಲ್ಲಿ ಕೇಳಿದ್ದು. "ಕೇಳ್ತು." ಆಮೇಲೆ ಹೇಳಿದರು, "ನನ್ನ ಭಯಾನೂ ಅದೇ."

ಅದು ಅವರ ಸರದಿ. ಕೊನೆಯದು ಯಾವಾಗಲೂ ಅವರದೇ ತಾನೇ.

ಆಮೇಲಿನದನ್ನು ಬರೆಯುವುದು ನನಗೆ ಕಷ್ಟ. ಅವರು ಮೇಡಂಗೆ ಶಿವಮೊಗ್ಗದ ಇನ್ನೊಬ್ಬ ಅರಿವಳಿಕೆ ಡಾಕ್ಟರಿಗೆ ಫೋನ್ ಮಾಡಲು ಹೇಳಿದರು. ತರಾತುರಿಯ ಕೇಸಲ್ಲ, ಕಾಯಬಹುದಿತ್ತು. ಆತ ಬರುವವರೆಗೂ ಸಾರ್ ಹೊರಗೆ ಸ್ಟ್ರೆಚರಿನ ಪಕ್ಕ ಸ್ಟೂಲು ಹಾಕಿಕೊಂಡು ಹುಡುಗಿಯ ಕೈ ಹಿಡಿದು ಕೂತರು. "ಇನ್ನೊಬ್ರು ಡಾಕ್ಟ್ರು ಬರ್ತಾರಮ್ಮ, ನನಗಿಂತ ಚುರುಕು" ಎಂದು ಅವಳಿಗೆ ಹೇಳಿದರು. ಅವಳು ಏನೇನೋ ಕೇಳಿದಳು. ಒಂದೊಂದು ಪ್ರಶ್ನೆಗೂ ಅವರು ಮುಖ ಬಗ್ಗಿಸಿ, "ಕೇಳ್ಲಿಲ್ಲಮ್ಮ, ಇನ್ನೊಂದ್ಸಲ ಹೇಳು" ಎಂದರು. ಆ ಮಾತನ್ನು ಅವರು ಅಷ್ಟು ಸಲೀಸಾಗಿ ಆಡಿದ್ದನ್ನು ಕೇಳಿ ನಾನು ಬಟ್ಟೆಯ ಕಪಾಟಿನ ಹಿಂದೆ ಹೋಗಿ ನಿಂತೆ.

ಹೊಸ ಡಾಕ್ಟರು ಬಂದರು, ವಯಸ್ಸು ಚಿಕ್ಕದು, ಆತುರ ದೊಡ್ಡದು. ಸಾರ್ ಅವರನ್ನು ನಿಲ್ಲಿಸಿ ಹುಡುಗಿಯ ರಕ್ತ, ಬೆನ್ನು, ಉಬ್ಬಸದ ಇತಿಹಾಸ ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದರು. "ಈಗ ನೀವು ಏನ್ ಕೇಳಿಸ್ಕೊಂಡ್ರಿ ಹೇಳಿ" ಎಂದರು. ಆತ ಮಾಸ್ಕಿನೊಳಗೆ ಪಟಪಟ ಹೇಳಿ ಮುಗಿಸಿದರು. ಸಾರ್ ನನ್ನ ಕಡೆ ನೋಡಿದರು. ಆತ ಹೇಳಿದ್ದು ಸರಿಯಾಗಿದೆಯೇ ಎಂದು ನನ್ನನ್ನು ಕೇಳುತ್ತಿದ್ದರು. ಉಬ್ಬಸದ ವಿಷಯ ಬಿಟ್ಟುಹೋಗಿತ್ತು. ನಾನು ಇಲ್ಲ ಎಂದು ತಲೆಯಾಡಿಸಿದೆ. "ಇನ್ನೊಂದ್ಸಲ ಹೇಳಿ ಡಾಕ್ಟ್ರೇ" ಎಂದರು. ಎರಡನೆಯ ಸಲ ಸರಿಯಾಯಿತು, ನಾನು ಹೂಂ ಎಂದು ತಲೆ ಬಗ್ಗಿಸಿದೆ. ಅವರೂ ಬಗ್ಗಿಸಿದರು. ನಾವಿಬ್ಬರೂ ಸೇರಿ ಮಾಡಿದ ಕೊನೆಯ ಕೆಲಸ ಅದು.

ನಾವು ಹುಡುಗಿಯನ್ನು ಒಳಗೆ ತೆಗೆದುಕೊಂಡೆವು. ಮಗು ಅತ್ತಿತು, ಹೆಣ್ಣು. ಹೊರಗೆ ಬಂದು ನೋಡಿದರೆ ಸ್ಟೂಲು ಖಾಲಿಯಿತ್ತು, ಬೂದು ಕಾರು ಹೋಗಿತ್ತು. ಮೊಮ್ಮಗಳನ್ನು ಅವರಿಗೆ ತೋರಿಸಬೇಕೆಂದು ಎತ್ತಿಕೊಂಡು ಬಂದ ಆಯಾ ಬಾಗಿಲಲ್ಲೇ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ಯಾಕ್ಕಾ ಹಂಗ್ ಹೇಳ್ದೆ? ಅಷ್ಟ್ ಜನರ ಮುಂದೆ?" ಎಂದಳು. ನನಗೆ ರೇಗಿಹೋಯಿತು. "ನಿನ್ ಮಗಳೇ ಕಣೇ ಹೊರಗೆ ಮಲಗಿದ್ದಿದ್ದು!" ಎಂದೆ. ಅವಳು, "ಗೊತ್ತಕ್ಕಾ" ಎಂದಳು, "ಗೊತ್ತಿದ್ದೂ ಆಗ್ತಿಲ್ಲ" ಎಂದು ಮಗುವನ್ನು ಎದೆಗೊತ್ತಿಕೊಂಡು ಅತ್ತಳು. ಮಗು ಹುಟ್ಟಿದ ದಿನ ಆ ಆಸ್ಪತ್ರೆಯಲ್ಲಿ ಯಾರೂ ಸಿಹಿ ತಿನ್ನಲಿಲ್ಲ.

ಅವರು ಮತ್ತೆ ಬರಲಿಲ್ಲ. ಯಾವ ಆಸ್ಪತ್ರೆಗೂ ಹೋಗಲಿಲ್ಲ. ಒಂದು ಭಾನುವಾರ ನಾನು ಧೈರ್ಯ ಮಾಡಿ ಕೋಟೆಯ ಅವರ ಮನೆಗೆ ಹೋದೆ. ದೇವಸ್ಥಾನದ ಹಿಂದಿನ ಬೀದಿ. ಅವರು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಕಿವಿಗೆ ಹಾಕುವ ಹೊಸ ಮಿಷನ್ನು ಕಿಟಕಿಯ ಮೇಲೆ ತಟ್ಟೆಯಲ್ಲಿ ಬಿದ್ದಿತ್ತು. ನನ್ನನ್ನು ಕಂಡು ಎದ್ದು ನಿಂತರು, ಕೂರಿಸಿದರು, ಕಾಫಿ ತರಿಸಿದರು. ಮೇಡಂ ಹೇಗಿದ್ದಾರೆ, ಅಣ್ಣನ ಮಂಡಿನೋವು ಹೇಗಿದೆ ಎಲ್ಲ ವಿಚಾರಿಸಿದರು. ನಾನು ಅವರ ಎದುರಿಗೇ, ಬೆಳಕು ಮುಖಕ್ಕೆ ಬೀಳುವ ಹಾಗೆ ಕೂತು ಕೇಳಿದೆ, "ಸಾರ್, ನಾನು ಹೇಳಿದ್ದು ತಪ್ಪಾ?"

ಅವರು ನನ್ನ ತುಟಿ ನೋಡಿದರು. ಆಮೇಲೆ ಬೀದಿಯ ಕಡೆ ನೋಡಿದರು. "ಕಾಫಿ ಆರುತ್ತೆ, ಕುಡಿ" ಎಂದರು. ಕೇಳ್ತು ಎನ್ನಲಿಲ್ಲ. ಕೇಳಲಿಲ್ಲ ಎಂದೂ ಅನ್ನಲಿಲ್ಲ.

ಅವರ ಹೆಂಡತಿ ಗೇಟಿನವರೆಗೆ ಬಂದರು. ಹೂವಿನ ಪೊಟ್ಟಣ ಕೈಗಿಟ್ಟು, ಮೆಲ್ಲಗೆ ಹೇಳಿದರು. "ನೀವು ಮಾಡಿದ್ದು ಸರೀನೇ ಕಣಮ್ಮ. ಅವರಿಗೂ ಅದು ಗೊತ್ತು. ಆದ್ರೆ ಇನ್ನು ಬರಬೇಡಿ. ಆಸ್ಪತ್ರೆಯೋರು ಯಾರಾದ್ರೂ ಬಂದು ಹೋದ್ರೆ ಆಮೇಲೆ ಊಟಾನೇ ಮಾಡಲ್ಲ." ನಾನು ಹೋಗಲಿಲ್ಲ. ಕೋಟೆಗೆ ಏನಾದರೂ ಕೆಲಸವಿದ್ದರೂ ಆ ಬೀದಿ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಭದ್ರಾವತಿಯ ಆ ಆಸ್ಪತ್ರೆಯನ್ನು ಮೇಡಂ ಮುಚ್ಚಿದರು. ಕಾರ್ಖಾನೆಯ ಕ್ವಾರ್ಟರ್ಸು ಖಾಲಿಯಾಗುತ್ತ ಬಂದ ಮೇಲೆ ಹೆರಿಗೆಗೆ ಬರುವವರು ಯಾರು? ನಾನೀಗ ಶಿವಮೊಗ್ಗದ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದೇನೆ. ಇಲ್ಲಿ ಪ್ರತಿ ಆಪರೇಷನ್ನಿಗೂ ಮುಂಚೆ ಒಬ್ಬರು ಅಚ್ಚಾದ ಹಾಳೆಯಿಂದ ಪ್ರಶ್ನೆ ಓದುತ್ತಾರೆ, ಉಳಿದವರು ಫೋನ್ ನೋಡುತ್ತ "ಓಕೆ, ಓಕೆ" ಎನ್ನುತ್ತಾರೆ. ಒಳ್ಳೆಯ ಪ್ರಶ್ನೆಗಳೇ, ಸಾರ್ ನೋಡಿದ್ದರೆ ಮೆಚ್ಚುತ್ತಿದ್ದರು. ಆ "ಓಕೆ"ಗಳನ್ನು ಕೇಳಿದ್ದರೆ ಮಾತ್ರ ಎಲ್ಲರನ್ನೂ ಬಾಗಿಲಾಚೆ ನಿಲ್ಲಿಸುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಕಾರ್ಯವೂ ಮುಗಿದಿತ್ತು. ಹೋದ ವಾರ ಅಣ್ಣ ಡಬ್ಬಿ ತಂದುಕೊಟ್ಟ, ಸಾರ್ ಮನೆಯ ಅಮ್ಮ ಕೊಟ್ಟರು ಎಂದ. ನಲ್ಲಿ ನಿಲ್ಲಿಸಿ, ಮುಖ ಒರೆಸಿಕೊಂಡು ಅವರ ಹೆಂಡತಿಗೆ ಫೋನ್ ಮಾಡಿದೆ. ಮನೆ ಬಿಟ್ಟು ತಂಗಿಯ ಜೊತೆ ಇರಲು ಹೋಗುತ್ತಿದ್ದಾರಂತೆ, ಸಾಮಾನು ವಿಂಗಡಿಸುವಾಗ ಸಿಕ್ಕಿತಂತೆ. ನಾನು ತಡೆಯಲಾಗದೆ ಕೇಳಿಬಿಟ್ಟೆ, "ಇದನ್ನ ನನಗೆ ಕೊಡಿ ಅಂತ ಅವರೇನಾದ್ರೂ ಹೇಳಿದ್ರಾ ಅಮ್ಮ? ನನ್ನ ಬಗ್ಗೆ ಏನಾದ್ರೂ..."

"ಇಲ್ಲ ಕಣಮ್ಮ. ಸುಳ್ಳು ಯಾಕೆ ಹೇಳ್ಲಿ. ಏನೂ ಹೇಳ್ಲಿಲ್ಲ. ಎಸೆಯೋಕೆ ಮನಸ್ಸು ಬರ್ಲಿಲ್ಲ, ನಿಮ್ಮ ನೆನಪಾಯ್ತು, ಅಷ್ಟೆ."

ಇವತ್ತು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಡಬ್ಬಿಯಿಂದ ಕೊಳವೆ ತೆಗೆದೆ. ಅಚ್ಚಿನ ತುಂಡನ್ನು ನನ್ನ ಎಡಗಿವಿಗೆ ಇಟ್ಟುಕೊಂಡು ನೋಡಿದೆ, ಕೂರಲಿಲ್ಲ. ಅದು ಅವರೊಬ್ಬರ ಕಿವಿಗೆಂದೇ ಮಾಡಿದ್ದು. ಬೆರಳಿನಿಂದ ಒತ್ತಿ ಹಿಡಿದು, ಬಿಲ್ಲೆಯನ್ನು ನನ್ನ ಎದೆಗೆ ಇಟ್ಟುಕೊಂಡೆ. ರಬ್ಬರು ಅಲ್ಲಲ್ಲಿ ಬಿರಿದುಹೋಗಿದೆ, ಏನೂ ಕೇಳಿಸಲಿಲ್ಲ. ಅದನ್ನು ವಾಪಸು ಹತ್ತಿಯ ಮೇಲೆ ಮಲಗಿಸಿದೆ. ಊಟದ ಟೇಬಲ್ಲಿನ ಮೇಲಿದ್ದ ಪಾತ್ರೆಗಳನ್ನೆಲ್ಲ ಎತ್ತಿಟ್ಟು, ಬಟ್ಟೆಯಿಂದ ಒರೆಸಿದೆ. ಖಾಲಿ ಟೇಬಲ್ಲಿನ ಮುಂದೆ ನೆಟ್ಟಗೆ ನಿಂತುಕೊಂಡೆ. ಯಾರಾದರೂ ನೋಡಿದ್ದರೆ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

"ನನ್ನ ಮೇಲಿನ ಸಿಟ್ಟು ಇಟ್ಕೊಂಡೇ ಹೋದ್ರೇನೋ ಅಂತ ಭಯ ಸಾರ್" ಎಂದೆ.

ಗಟ್ಟಿಯಾಗಿಯೇ ಹೇಳಿದೆ, ತುಟಿ ಬಿಡಿಸಿ ಹೇಳಿದೆ. ಹೇಳಿ, ಅಭ್ಯಾಸಬಲ ನೋಡಿ, ಆ ಒಂದು ಮಾತಿಗಾಗಿ ಕಾಯುತ್ತ ಅಲ್ಲೇ ನಿಂತೆ.